ಬುಧವಾರದಿಂದ ಬುಧವಾರಕ್ಕೆ

2006ರ ನವೆಂಬರ್ 1, ಬುಧವಾರ. ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಸುದ್ದಿಸಂಸ್ಥೆಗಳ ಮೂವರು ವರದಿಗಾರರನ್ನು ಓವಲ್ ಕಚೇರಿಗೆ ಕರೆಸಿಕೊಂಡು ಮಾತನಾಡುತ್ತ, ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ತಮ್ಮ ಅಧ್ಯಕ್ಷಾವಧಿ ಮುಗಿಯುವವರೆಗೂ ಹುದ್ದೆಯಲ್ಲಿರುತ್ತಾರೆ ಎಂದರು. ಏಳನೆಯ ತಾರೀಖು, ಮಂಗಳವಾರ, ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ಮಧ್ಯಂತರ ಚುನಾವಣೆ ನಡೆಯಿತು. ಎಂಟನೆಯ ತಾರೀಖು, ಮತ್ತೆ ಬುಧವಾರ, ಅದೇ ಅಧ್ಯಕ್ಷರು ಶ್ವೇತಭವನದ ಈಸ್ಟ್ ರೂಮಿನಲ್ಲಿ ನಿಂತು ರಮ್ಸ್‌ಫೆಲ್ಡ್ ಹೋಗುತ್ತಿದ್ದಾರೆ, ಅವರ ಜಾಗಕ್ಕೆ ರಾಬರ್ಟ್ ಗೇಟ್ಸ್ ಬರುತ್ತಾರೆ ಎಂದು ಘೋಷಿಸಿದರು. ಹೋದ ವಾರ ಬೇರೆ ಮಾತು ಹೇಳಿದ್ದಿರಲ್ಲ ಎಂದು ವರದಿಗಾರರು ಅಲ್ಲೇ ಕೇಳಿದರು. ಬುಷ್ ಮುಚ್ಚಿಡಲಿಲ್ಲ. ಪ್ರಚಾರದ ಕೊನೆಯ ದಿನಗಳಲ್ಲಿ ಇರಾಕ್ ಯುದ್ಧದ ಬಗೆಗಿನ ದೊಡ್ಡ ತೀರ್ಮಾನವೊಂದನ್ನು ಎಳೆದು ತರಲು ತಮಗೆ ಇಷ್ಟವಿರಲಿಲ್ಲ, ವರದಿಗಾರರನ್ನು ಮುಂದಿನ ಪ್ರಶ್ನೆಗೆ ಸಾಗಿಸಲು ಆ ಉತ್ತರ ಕೊಡದೆ ಬೇರೆ ದಾರಿ ಇರಲಿಲ್ಲ ಎಂಬರ್ಥದಲ್ಲಿ ಹೇಳಿದರು. ಗೇಟ್ಸ್ ಅವರನ್ನು ಭಾನುವಾರ, ಅಂದರೆ ಮತದಾನಕ್ಕೆ ಎರಡು ದಿನ ಮೊದಲು, ಟೆಕ್ಸಸ್‌ನ ಕ್ರಾಫರ್ಡ್‌ನಲ್ಲಿರುವ ತಮ್ಮ ತೋಟದ ಮನೆಯಲ್ಲಿ ಭೇಟಿ ಮಾಡಿದ್ದನ್ನೂ ಹೇಳಿದರು.

ಅಂದು ನಾನು ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿದ್ದೆ. ರಮ್ಸ್‌ಫೆಲ್ಡ್ ಹೋಗಲಿ ಎಂದು ವರ್ಷಗಳಿಂದ ಕೂಗುತ್ತಿದ್ದವರಿಗೆ ಆ ಮಧ್ಯಾಹ್ನ ಹಬ್ಬವಾಗಬೇಕಿತ್ತು. ನನ್ನ ಸುತ್ತ ಇದ್ದವರಲ್ಲಿ ಹಬ್ಬದ ಕಳೆ ಕಾಣಲಿಲ್ಲ. ಸಮಾಧಾನವಿತ್ತು, ಆದರೆ ಅದರ ಬೆನ್ನಿಗೇ ಒಂದು ಗಟ್ಟಿಯಾದ ಅಪನಂಬಿಕೆಯೂ ಇತ್ತು. ಬೇಡವಾದ ಮಂತ್ರಿ ಹೋದಾಗಲೂ ಜನ ಏಕೆ ನಂಬುವುದಿಲ್ಲ ಎಂಬ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ. ಯಾವುದೇ ದೇಶದಲ್ಲಿ ಚುನಾವಣೆಯ ಮರುದಿನ ಯಾರದಾದರೂ ತಲೆದಂಡವಾದರೆ ನನ್ನ ಮನಸ್ಸು ಆ ಎರಡು ಬುಧವಾರಗಳಿಗೆ ಹೋಗಿ ನಿಲ್ಲುತ್ತದೆ.

ಕಚೇರಿಯ ಊಟದ ಕೋಣೆಯಲ್ಲಿ

ಕಚೇರಿಯ ಊಟದ ಕೋಣೆಯಲ್ಲಿ ಮೂಲೆಗೊಂದು ಟಿವಿ ತೂಗುಹಾಕಿದ್ದರು. ಸಾಮಾನ್ಯವಾಗಿ ಅದರಲ್ಲಿ ಫುಟ್‌ಬಾಲ್ ಓಡುತ್ತಿರುತ್ತಿತ್ತು, ಯಾರೂ ಗಮನ ಕೊಡುತ್ತಿರಲಿಲ್ಲ. ಆ ದಿನ ಸದ್ದು ಜೋರಾಗಿಟ್ಟಿದ್ದರು. ನಾನು ಮೈಕ್ರೋವೇವ್ ಮುಂದೆ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಸರದಿಯಲ್ಲಿ ನಿಂತಿದ್ದೆ. ಸುದ್ದಿ ಬಂದಾಗ ಕಿಟಕಿಯ ಬಳಿಯ ಮೇಜಿನಲ್ಲಿದ್ದ ಇಬ್ಬರು ಹುಡುಗರು ಚಪ್ಪಾಳೆ ತಟ್ಟಿದರು. ಲೆಕ್ಕಪತ್ರ ವಿಭಾಗದ ಹಿರಿಯ ಸಹೋದ್ಯೋಗಿ ಮಹಿಳೆಯೊಬ್ಬರು ಕಿತ್ತಳೆ ಸುಲಿಯುತ್ತ ಕೂತಿದ್ದರು. ಅವರ ಮಗ ಮೀಸಲು ಪಡೆಯ ಸೈನಿಕ, ಇರಾಕ್‌ನಲ್ಲಿ ಒಂದು ಸುತ್ತು ಮುಗಿಸಿ ಬಂದಿದ್ದ. ಮುಂದಿನ ಸುತ್ತಿಗೆ ಯಾವಾಗ ಕರೆ ಬರುತ್ತದೋ ಎಂದು ಅವರು ಕಾಯುತ್ತಿದ್ದ ಕಾಲವದು. ಭಾನುವಾರದ ಭೇಟಿಯ ಮಾತು ಬಂದ ಕೂಡಲೇ ಅವರ ಕೈ ನಿಂತಿತು. ಟಿವಿಯ ಕಡೆಗೇ ನೋಡುತ್ತ, ಯಾರಿಗೂ ಎನ್ನದೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಮಂಗಳವಾರ ನಾನು ಸಾಲಿನಲ್ಲಿ ನಿಂತಿದ್ದಾಗ ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ."

ಚಪ್ಪಾಳೆ ತಟ್ಟಿದ ಹುಡುಗರಲ್ಲೊಬ್ಬ, ಹೇಗಾದರೂ ಹೋದರಲ್ಲ, ಈಗಲಾದರೂ ಹುಡುಗರು ಮನೆಗೆ ಬರುತ್ತಾರೆ ಎಂದ. ಅವರು ಅವನನ್ನು ಗದರಲಿಲ್ಲ, ಒಪ್ಪಲೂ ಇಲ್ಲ. "ಅವರನ್ನು ಅಲ್ಲಿಗೆ ಕಳುಹಿಸಿದವರು ಇನ್ನೂ ಅಲ್ಲೇ ಇದ್ದಾರೆ" ಎಂದು ಹೇಳಿ ಕಿತ್ತಳೆಯ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿಕೊಂಡು ಎದ್ದರು.

ಅವರು ಯಾವ ಪಕ್ಷಕ್ಕೆ ಮತ ಹಾಕಿದ್ದರೋ ನಾನು ಕೇಳಲಿಲ್ಲ. ಆ ವರ್ಷ ಓಹಾಯೊ ಶೆರಡ್ ಬ್ರೌನ್ ಅವರನ್ನು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ಆರಿಸಿತ್ತು. ಅವರು 2002ರಲ್ಲಿ ಯುದ್ಧದ ನಿರ್ಣಯಕ್ಕೆ ವಿರುದ್ಧವಾಗಿ ಮತ ಹಾಕಿದ್ದವರು. ಎರಡು ವರ್ಷ ಮುಂಚೆ ಇದೇ ರಾಜ್ಯ ಬುಷ್ ಅವರನ್ನು ಮತ್ತೆ ಅಧ್ಯಕ್ಷರನ್ನಾಗಿ ಮಾಡಿತ್ತು. ನಡುವೆ ನಡೆದದ್ದೇನು ಎಂದು ಕೊಲಂಬಸ್‌ನಲ್ಲಿ ಯಾರೂ ವಿವರಿಸಬೇಕಿರಲಿಲ್ಲ. 2005ರ ಆಗಸ್ಟ್ 3ರಂದು ಹದೀತಾ ಪಟ್ಟಣದ ಹತ್ತಿರ ರಸ್ತೆಬದಿಯ ಬಾಂಬೊಂದು ಸೈನಿಕ ವಾಹನವನ್ನು ಎತ್ತಿ ಎಸೆದು, ಒಳಗಿದ್ದ ಹದಿನಾಲ್ಕು ಮರೀನ್ ಸೈನಿಕರು ಸತ್ತರು. ಅವರಲ್ಲಿ ಬಹುತೇಕರು ಓಹಾಯೊ ಮೂಲದ ಮೀಸಲು ಬೆಟಾಲಿಯನ್ನಿನವರು. ಅವರಲ್ಲಿ ಹೆಚ್ಚಿನವರು ಇದೇ ಕೊಲಂಬಸ್‌ನ ಲಿಮಾ ಕಂಪನಿ ಎಂಬ ಸೈನಿಕ ತುಕಡಿಗೆ ಸೇರಿದವರು. ಆ ವಾರ ಊರಿನ ಧ್ವಜಗಳೆಲ್ಲ ಅರ್ಧಕ್ಕಿಳಿದಿದ್ದವು. ನನ್ನ ಸಹೋದ್ಯೋಗಿ ಒಂದು ಮಧ್ಯಾಹ್ನ ರಜೆ ಹಾಕಿ ಶೋಕಸಭೆಗೆ ಹೋಗಿಬಂದರು. ಮರುದಿನ ಬಂದು ಆ ವಾಹನದ ತಳ ಎಷ್ಟು ತೆಳುವಾಗಿತ್ತು ಎಂಬುದೊಂದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

ಒಂದೇ ತಾರೀಖಿನ ಎರಡು ಕಾಗದ

ರಮ್ಸ್‌ಫೆಲ್ಡ್ ವಿರುದ್ಧದ ದೂರುಗಳು ಚುನಾವಣೆಯ ಹೊತ್ತಿಗೆ ಹಳೆಯವಾಗಿದ್ದವು. ಬಾಗ್ದಾದ್ ಲೂಟಿಯಾಗುತ್ತಿದ್ದಾಗ ಇಂಥದ್ದೆಲ್ಲ ಆಗುತ್ತದೆ ಎಂದು ತಳ್ಳಿಹಾಕಿದ್ದು 2003ರ ಏಪ್ರಿಲ್‌ನಲ್ಲಿ. ಅಬು ಘ್ರೈಬ್ ಜೈಲಿನಲ್ಲಿ ಇರಾಕಿ ಕೈದಿಗಳನ್ನು ಹಿಂಸಿಸಿದ ಚಿತ್ರಗಳು ಹೊರಬಿದ್ದದ್ದು 2004ರಲ್ಲಿ. ಆಗ ತಾವು ಎರಡು ಸಲ ರಾಜೀನಾಮೆ ಕೊಡಲು ಮುಂದಾಗಿದ್ದಾಗಿಯೂ ಅಧ್ಯಕ್ಷರು ಒಪ್ಪಲಿಲ್ಲವೆಂದೂ ಅವರೇ ಮುಂದೆ ಹೇಳಿಕೊಂಡರು. 2006ರ ಏಪ್ರಿಲ್‌ನಲ್ಲಿ ನಿವೃತ್ತ ಜನರಲ್‌ಗಳು ಒಬ್ಬರ ಹಿಂದೊಬ್ಬರು ಬಹಿರಂಗವಾಗಿ ಅವರ ರಾಜೀನಾಮೆ ಕೇಳಿದರು. ಅವರಲ್ಲಿ ಜಾನ್ ಬಟಿಸ್ಟೆ, ಚಾರ್ಲ್ಸ್ ಸ್ವಾನಕ್ ಇರಾಕ್‌ನಲ್ಲೇ ಡಿವಿಷನ್‌ಗಳನ್ನು ನಡೆಸಿದ್ದವರು. ಯಾರು ಇರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವವನು ನಾನು ಎಂದು ಬುಷ್ ಆಗ ಖಡಾಖಂಡಿತವಾಗಿ ಹೇಳಿದರು. ಮತದಾನಕ್ಕೆ ಮುನ್ನಾದಿನವಂತೂ ಸೈನಿಕರು ಓದುವ ವಾರಪತ್ರಿಕೆಯಾದ ಆರ್ಮಿ ಟೈಮ್ಸ್ ಮತ್ತು ಅದರ ಸೋದರ ಪತ್ರಿಕೆಗಳು ಒಂದೇ ಸಂಪಾದಕೀಯ ಬರೆದು, ರಮ್ಸ್‌ಫೆಲ್ಡ್ ಹೋಗಬೇಕು ಎಂದವು.

ಆ ಮುನ್ನಾದಿನ, ನವೆಂಬರ್ 6, ಸೋಮವಾರದ ತಾರೀಖು ಹೊತ್ತ ಎರಡು ಕಾಗದಗಳಿವೆ. ಒಂದು, ರಮ್ಸ್‌ಫೆಲ್ಡ್ ಅವರ ರಾಜೀನಾಮೆ ಪತ್ರ. ಅದರ ತಾರೀಖು ಹೊರಜಗತ್ತಿಗೆ ತಿಳಿದದ್ದು 2007ರ ಆಗಸ್ಟ್‌ನಲ್ಲಿ. ಇನ್ನೊಂದು, ಅದೇ ದಿನ ಅವರು ಶ್ವೇತಭವನಕ್ಕೆ ಕಳುಹಿಸಿದ ಗೋಪ್ಯ ಟಿಪ್ಪಣಿ. ಇರಾಕ್‌ನಲ್ಲಿ ಅಮೆರಿಕದ ಪಡೆಗಳು ಈಗ ಮಾಡುತ್ತಿರುವ ಕೆಲಸ ಸಾಕಷ್ಟು ಚೆನ್ನಾಗಿಯೂ ನಡೆಯುತ್ತಿಲ್ಲ, ಸಾಕಷ್ಟು ವೇಗವಾಗಿಯೂ ನಡೆಯುತ್ತಿಲ್ಲ ಎಂದು ಅದರಲ್ಲಿ ಸ್ವತಃ ಅವರೇ ಬರೆದಿದ್ದರು. ಅದು ಸೋರಿಕೆಯಾಗಿ ಪತ್ರಿಕೆಯಲ್ಲಿ ಬಂದದ್ದು ಡಿಸೆಂಬರ್ ಮೊದಲ ವಾರದಲ್ಲಿ.

ಈ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಬರುವುದು ಸಿಟ್ಟು. ಯುದ್ಧ ಸರಿಯಾಗಿ ನಡೆಯುತ್ತಿದೆ ಎಂದು ಪ್ರಚಾರ ವೇದಿಕೆಗಳಲ್ಲಿ ಹೇಳುತ್ತಿದ್ದ ದಿನಗಳಲ್ಲೇ, ನಡೆಯುತ್ತಿಲ್ಲ ಎಂದು ಯುದ್ಧ ನಡೆಸುವ ಇಲಾಖೆಯ ಮುಖ್ಯಸ್ಥರು ಬರೆದು ಕಳುಹಿಸಿದ್ದರು. ಹೋಗುವುದೂ ಇತ್ಯರ್ಥವಾಗಿತ್ತು, ಬರುವವರೂ ಇತ್ಯರ್ಥವಾಗಿದ್ದರು. ಆ ಯುದ್ಧವನ್ನೇ ಮುಖ್ಯ ವಿಷಯ ಮಾಡಿಕೊಂಡು ಮತ ಹಾಕಲು ಹೊರಟ ಕೋಟ್ಯಂತರ ಜನರಿಗೆ ಮಾತ್ರ ಇದಾವುದೂ ತಿಳಿಯಬಾರದಾಗಿತ್ತು. ಚುನಾವಣೆಯ ನಡುವೆ ಇಂಥ ಬದಲಾವಣೆ ಮಾಡಿದ್ದರೆ ಅದನ್ನೇ ರಾಜಕೀಯದ ಆಟ ಎನ್ನುತ್ತಿದ್ದರು ಎಂಬುದು ಬುಷ್ ಬೆಂಬಲಿಗರ ವಾದ. ಅದರಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. ರಣರಂಗದಲ್ಲಿರುವ ಸೈನಿಕನಿಗೆ ತನ್ನ ಮೇಲಿನವರು ಮತ ಎಣಿಸಿ ತೀರ್ಮಾನ ಮಾಡುತ್ತಿದ್ದಾರೆ ಎನ್ನಿಸಬಾರದು. ಆದರೆ ಬದಲಾವಣೆ ಮಾಡದಿರುವುದು ಬೇರೆ, ಮಾಡಲು ಹೊರಟು ಮಾಡುವುದಿಲ್ಲ ಎಂದು ಹೇಳುವುದು ಬೇರೆ. ಎರಡನೆಯದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ.

ಬುಷ್ ಅವರ ರಿಪಬ್ಲಿಕನ್ ಪಕ್ಷದೊಳಗೂ ಕಹಿ ಉಳಿಯಿತು. ವರ್ಜೀನಿಯಾದಲ್ಲಿ ಒಂಬತ್ತು ಸಾವಿರ ಚಿಲ್ಲರೆ ಮತ, ಮೊಂಟಾನಾದಲ್ಲಿ ಮೂರೂವರೆ ಸಾವಿರ ಮತ, ಇಷ್ಟರಲ್ಲಿ ಸೆನೆಟ್ ಕೈತಪ್ಪಿತ್ತು. ಮಾಡುವುದಿದ್ದರೆ ಮೊದಲೇ ಏಕೆ ಮಾಡಲಿಲ್ಲ ಎಂದು ಸೋತವರು ಕೇಳಿದರು. ವರ್ಜೀನಿಯಾದಲ್ಲಿ ಗೆದ್ದ ಜಿಮ್ ವೆಬ್ ಅವರ ಮಗ ಆಗ ಇರಾಕ್‌ನಲ್ಲಿದ್ದ ಮರೀನ್. ತಂದೆ ಅವನ ಬೂಟು ತೊಟ್ಟುಕೊಂಡೇ ಪ್ರಚಾರ ಮಾಡಿದ್ದರು.

ದೊಡ್ಡಪ್ಪ ಫೋನಿನಲ್ಲಿ ಕೇಳಿದ್ದು

ಆ ವಾರಾಂತ್ಯ ಫೋನ್ ಕಾರ್ಡಿನ ಉದ್ದದ ಸಂಖ್ಯೆ ಒತ್ತಿ ಹಾಸನಕ್ಕೆ ಮಾತನಾಡಿದೆ. ದೊಡ್ಡಪ್ಪ ನಮ್ಮ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಸುಬೇದಾರರಾಗಿ ನಿವೃತ್ತರಾದವರು. 1962ರಲ್ಲಿ ಅವರಿನ್ನೂ ಬೆಂಗಳೂರಿನ ಕೇಂದ್ರದಲ್ಲಿ ತರಬೇತಿಯಲ್ಲಿದ್ದ ಹುಡುಗ. ಗಡಿಯಿಂದ ಹಿಂತಿರುಗಿದವರ ಬಾಯಿಂದ ಅವರು ಕೇಳಿದ್ದು ಹತ್ತಿಬಟ್ಟೆಯ ಸಮವಸ್ತ್ರದಲ್ಲಿ ಹಿಮದ ಎತ್ತರಕ್ಕೆ ಹೋದವರ ಕಥೆ. ಅಮೆರಿಕದ ರಕ್ಷಣಾ ಮಂತ್ರಿ ಹೋದ ಸುದ್ದಿ ಅವರು ಆಗಲೇ ಓದಿದ್ದರು. ನನ್ನ ಸಹೋದ್ಯೋಗಿಯ ಮಾತನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಅಂದರು: "ಮಂತ್ರಿ ಬದಲಾದದ್ದು ಪೇಪರಿನಲ್ಲಿ ಬರುತ್ತದಮ್ಮ. ಬೂಟು ಬಂದದ್ದು ಬರುವುದಿಲ್ಲ. ಅಲ್ಲಿಯ ಹುಡುಗರು ಏನು ಬೇಕೆಂದು ಕೇಳಿದ್ದರು, ಅದು ಬಂತೋ ಇಲ್ಲವೋ, ಅದನ್ನು ವಿಚಾರಿಸು."

ಅವರ ಮನಸ್ಸಿನಲ್ಲಿದ್ದದ್ದು ಕೃಷ್ಣ ಮೆನನ್ ನಮ್ಮ ರಕ್ಷಣಾ ಮಂತ್ರಿಯಾಗಿದ್ದ ಕಾಲ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ 1959ರ ಆಗಸ್ಟ್ ಕೊನೆಯಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಕಟ್ಟುಬಿದ್ದು ಹಿಂತೆಗೆದುಕೊಂಡ ಪ್ರಸಂಗವನ್ನು ದೊಡ್ಡಪ್ಪ ಹೇಳುವಾಗ ಈಗಲೂ ಅವರ ದನಿ ಗಡುಸಾಗುತ್ತದೆ. ಸೇನಾ ಮುಖ್ಯಸ್ಥರು ಮುನಿದು ಹೊರಟಾಗ ಉಳಿಸಿಕೊಂಡ ಮಂತ್ರಿಯನ್ನು, 1962ರ ಚುನಾವಣೆಯಲ್ಲಿ ಉತ್ತರ ಮುಂಬೈಯಿಂದ ಭರ್ಜರಿಯಾಗಿ ಗೆದ್ದುಬಂದ ಮಂತ್ರಿಯನ್ನು, ಅದೇ ವರ್ಷ ಚೀನಾದ ಎದುರು ಪೆಟ್ಟು ತಿಂದ ಮೇಲೆ ಕೈಬಿಡಬೇಕಾಯಿತು. ಅದೂ ಒಂದೇ ಏಟಿಗಲ್ಲ. ಅಕ್ಟೋಬರ್ ಕೊನೆಗೆ ನೆಹರೂ ರಕ್ಷಣಾ ಖಾತೆಯನ್ನು ತಾವು ಇಟ್ಟುಕೊಂಡು ಮೆನನ್‌ಗೆ ರಕ್ಷಣಾ ಉತ್ಪಾದನೆಯ ಖಾತೆ ಕೊಟ್ಟರು. ಇದರಿಂದ ಏನೂ ಬದಲಾಗಿಲ್ಲ ಎಂದು ಅವರ ಪಕ್ಷದ ಸಂಸದರೇ ಸಿಡಿದೆದ್ದ ಮೇಲೆ, ನವೆಂಬರ್ 7ರಂದು ಮೆನನ್ ಸಂಪುಟದಿಂದ ಹೊರಗಾದರು. ಯಶವಂತರಾವ್ ಚವಾಣ್ ಬಂದರು. ಹತ್ತು ಪರ್ವತ ಡಿವಿಷನ್‌ಗಳನ್ನು ಕಟ್ಟುವ ಐದು ವರ್ಷಗಳ ಯೋಜನೆಯೂ ಬಂತು. ದೊಡ್ಡಪ್ಪ ಚವಾಣ್ ಅವರನ್ನು ಗೌರವದಿಂದ ನೆನೆಯುವುದು ಆ ಕಾರಣಕ್ಕೆ. ಮೆನನ್ ಹೋದದ್ದನ್ನು ಅವರು ದೊಡ್ಡ ಸಂಗತಿಯೆಂದು ಎಣಿಸಿದವರೇ ಅಲ್ಲ.

ಅಮೆರಿಕದಲ್ಲಿಯೂ ಒಬ್ಬ ಜನರಲ್ ಮೊದಲೇ ಹೇಳಿದ್ದರು. ಯುದ್ಧ ಶುರುವಾಗುವ ಮುನ್ನ, 2003ರ ಫೆಬ್ರವರಿಯಲ್ಲಿ, ಭೂಸೇನೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ಸೆನೆಟ್ ಸಮಿತಿಯ ಎದುರು ಇರಾಕನ್ನು ಹಿಡಿತದಲ್ಲಿಡಲು ಕೆಲವು ಲಕ್ಷ ಸೈನಿಕರು ಬೇಕಾದಾರು ಎಂದಿದ್ದರು. ಎರಡೇ ದಿನಗಳಲ್ಲಿ ರಮ್ಸ್‌ಫೆಲ್ಡ್ ಅವರ ಉಪಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ ಅದನ್ನು ಲೆಕ್ಕ ತಪ್ಪಿದ ಮಾತೆಂದು ಅಲ್ಲಗಳೆದರು.

ಬೂಟಿನ ಲೆಕ್ಕ

ದೊಡ್ಡಪ್ಪ ಕೊಟ್ಟ ಅಳತೆಗೋಲನ್ನು ಹಿಡಿದು ಇರಾಕ್ ಯುದ್ಧದ ಸುದ್ದಿಗಳನ್ನು ಓದತೊಡಗಿದ ಮೇಲೆ ನನಗೆ ಕಂಡದ್ದು ಬೇರೆಯೇ ಚಿತ್ರ. 2004ರ ಡಿಸೆಂಬರ್ 8ರಂದು ಕುವೈತ್‌ನ ಶಿಬಿರವೊಂದರಲ್ಲಿ ಟೆನೆಸ್ಸೀ ನ್ಯಾಷನಲ್ ಗಾರ್ಡ್‌ನ ಸೈನಿಕನೊಬ್ಬ ಎದ್ದುನಿಂತು ರಮ್ಸ್‌ಫೆಲ್ಡ್ ಅವರನ್ನೇ ಕೇಳಿದ: ನಮ್ಮ ವಾಹನಗಳಿಗೆ ರಕ್ಷಣೆಯ ಹೊದಿಕೆ ಹಾಕಲು ನಾವು ಕಸದ ಗುಂಡಿಗಳಲ್ಲಿ ತುಕ್ಕುಹಿಡಿದ ಲೋಹದ ತುಂಡುಗಳನ್ನು ಹೆಕ್ಕಬೇಕೇಕೆ? ಸುತ್ತ ಸೇರಿದ್ದ ಸೈನಿಕರು ಹರ್ಷೋದ್ಗಾರ ಮಾಡಿದರು. ನಿಮ್ಮ ಬಳಿ ಇರುವ ಸೈನ್ಯದೊಂದಿಗೆ ಯುದ್ಧಕ್ಕೆ ಹೋಗುತ್ತೀರಿ, ಬೇಕೆನಿಸುವ ಸೈನ್ಯದೊಂದಿಗಲ್ಲ ಎಂಬುದು ರಮ್ಸ್‌ಫೆಲ್ಡ್ ಕೊಟ್ಟ ಉತ್ತರ. ಯುದ್ಧ ಶುರುವಾಗಿ ಆಗಲೇ ಇಪ್ಪತ್ತು ತಿಂಗಳು ದಾಟಿತ್ತು.

ಎರಡು ತಿಂಗಳ ಮೇಲೆ, 2005ರ ಫೆಬ್ರವರಿಯಲ್ಲಿ, ಇರಾಕ್‌ನಲ್ಲಿದ್ದ ಮರೀನ್ ಅಧಿಕಾರಿಗಳು ತುರ್ತು ಬೇಡಿಕೆಯೊಂದನ್ನು ಕಳುಹಿಸಿದರು. 1,169 ವಾಹನಗಳು ಬೇಕು, ನೆಲಬಾಂಬ್ ಸಿಡಿದರೂ ಒಳಗಿರುವವರು ಬದುಕುಳಿಯುವಂಥವು. ಇಂಗ್ಲಿಷಿನ ವಿ ಅಕ್ಷರದ ಹಾಗೆ ತಳ ಕೆಳಗೆ ಚೂಪಾಗಿದ್ದು, ಸ್ಫೋಟದ ಬಲವನ್ನು ಎರಡು ಬದಿಗೆ ಚದುರಿಸುವ ಈ ವಾಹನಗಳನ್ನು ಸೈನಿಕರು ಎಂರಾಪ್ ಎನ್ನುತ್ತಾರೆ. ಆ ಬೇಡಿಕೆ ಕಡತದಲ್ಲಿ ಮಲಗಿತು. ಹದೀತಾ ನಡೆದದ್ದು ಅದಾದ ಆರು ತಿಂಗಳಿಗೆ. ಎಂರಾಪ್ ಇದ್ದಿದ್ದರೆ ಆ ಹದಿನಾಲ್ವರು ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಆ ದಿನದ ಬಾಂಬ್ ಬೇರೆ, ವಾಹನ ಬೇರೆ. ಕೇಳಿದವರು ಕೇಳಿದ್ದರು, ಬರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಗೇಟ್ಸ್. ಹಿರಿಯ ಬುಷ್ ಕಾಲದಲ್ಲಿ ಸಿಐಎ ಮುಖ್ಯಸ್ಥರಾಗಿದ್ದವರು. ಇರಾನ್‌ಗೆ ಗುಟ್ಟಾಗಿ ಶಸ್ತ್ರ ಮಾರಿದ ಇರಾನ್-ಕಾಂಟ್ರಾ ಹಗರಣದ ನೆರಳಿನಿಂದಾಗಿ 1987ರಲ್ಲಿ ಅದೇ ಹುದ್ದೆ ಕೈತಪ್ಪಿತ್ತು. ಅಪ್ಪನ ಮನೆಯ ಹಳಬನನ್ನು ಮಗ ಕರೆಸಿಕೊಂಡಿದ್ದಾನೆ, ಅಷ್ಟೇ ಎಂದವರು ಬಹಳ ಮಂದಿ. ಡಿಸೆಂಬರ್ 5ರಂದು ಸೆನೆಟ್ ಸಮಿತಿಯಲ್ಲಿ ಸೆನೆಟರ್ ಕಾರ್ಲ್ ಲೆವಿನ್, ಇರಾಕ್‌ನಲ್ಲಿ ನಾವು ಈಗ ಗೆಲ್ಲುತ್ತಿದ್ದೇವೆಯೇ ಎಂದು ಕೇಳಿದಾಗ ಗೇಟ್ಸ್ "ಇಲ್ಲ ಸರ್" ಎಂದರು. ಮರುದಿನ 95-2 ಮತಗಳಿಂದ ಸೆನೆಟ್ ಒಪ್ಪಿತು. ಆ ಒಂದು ಉತ್ತರಕ್ಕೆ ಊಟದ ಕೋಣೆಯಲ್ಲಿ ನನ್ನ ಸಹೋದ್ಯೋಗಿ ಮೊದಲ ಬಾರಿಗೆ ಒಳ್ಳೆಯ ಮಾತು ಆಡಿದ್ದು ನನಗೆ ನೆನಪಿದೆ. ನಿಜ ಹೇಳುವುದಕ್ಕೂ ಧೈರ್ಯ ಬೇಕು, ನೋಡೋಣ ಎಂದಿದ್ದರು.

ನೋಡಿದ್ದೇನು? ಸೈನಿಕರು ಮನೆಗೆ ಬರಲಿಲ್ಲ, ಹೆಚ್ಚು ಸೈನಿಕರು ಹೋದರು. 2007ರ ಜನವರಿ 10ರಂದು ಬುಷ್ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಇರಾಕ್‌ಗೆ ಕಳುಹಿಸುವುದಾಗಿ ಘೋಷಿಸಿದರು. ಏಪ್ರಿಲ್‌ನಲ್ಲಿ ಭೂಸೇನೆಯವರ ಸುತ್ತನ್ನು ಹನ್ನೆರಡು ತಿಂಗಳಿಂದ ಹದಿನೈದಕ್ಕೆ ಏರಿಸಿದ ಆದೇಶವನ್ನು ಪ್ರಕಟಿಸಿದವರು ಇದೇ ಗೇಟ್ಸ್. ಇಡೀ ಯುದ್ಧದಲ್ಲಿ ಅಮೆರಿಕದ ಸೈನಿಕರು ಅತಿ ಹೆಚ್ಚು ಸತ್ತ ವರ್ಷ 2007, ಸುಮಾರು ಒಂಬೈನೂರು ಮಂದಿ. ಇರಾಕಿಗಳ ಸಾವಿನ ಲೆಕ್ಕವಂತೂ ಅದರ ಎಷ್ಟೋ ಪಟ್ಟು. ಊಟದ ಕೋಣೆಯ ಅಪನಂಬಿಕೆ ಇಲ್ಲಿ ಅಕ್ಷರಶಃ ನಿಜವಾಯಿತು. ವರ್ಷದ ಕೊನೆಗೆ ಹಿಂಸೆ ಇಳಿಯಿತು, ಅದು ಸೈನಿಕರು ಹೆಚ್ಚಿದ್ದರಿಂದಲೇ, ಸುನ್ನಿ ಬುಡಕಟ್ಟುಗಳು ಅಲ್‌ಖೈದಾ ವಿರುದ್ಧ ತಿರುಗಿದ್ದರಿಂದಲೇ ಎಂಬ ವಾದ ಇನ್ನೂ ಮುಗಿದಿಲ್ಲ. ಏನೇ ಆದರೂ ಅದು ಮತದಾರರು ನವೆಂಬರ್‌ನಲ್ಲಿ ಕೇಳಿದ್ದಲ್ಲ. ಯುದ್ಧದ ದಿಕ್ಕು ಅಧ್ಯಕ್ಷರ ಕೈಯಲ್ಲಿತ್ತು, ಅವರಿಗೆ ಇನ್ನೂ ಎರಡು ವರ್ಷ ಬಾಕಿಯಿತ್ತು.

ಬೂಟು ಮಾತ್ರ ಬಂತು. ಎಂರಾಪ್‌ನಲ್ಲಿದ್ದ ಮರೀನ್‌ಗಳ ಮೇಲೆ ಮುನ್ನೂರಕ್ಕೂ ಹೆಚ್ಚು ದಾಳಿ ನಡೆದರೂ ಒಬ್ಬರೂ ಸತ್ತಿಲ್ಲ ಎಂಬ ವರದಿಯನ್ನು ಗೇಟ್ಸ್ 2007ರ ಏಪ್ರಿಲ್‌ನಲ್ಲಿ ಪತ್ರಿಕೆಯೊಂದರಲ್ಲಿ ಓದಿದರು. ಇದನ್ನು ರಕ್ಷಣಾ ಕಾರ್ಯದರ್ಶಿ ಪತ್ರಿಕೆ ಓದಿ ತಿಳಿಯಬೇಕಾಯಿತು ಎಂಬುದೇ ಆ ಇಲಾಖೆ ಹೇಗಿತ್ತು ಎಂಬುದನ್ನು ಹೇಳುತ್ತದೆ. ಮೇ ತಿಂಗಳಲ್ಲಿ ಎಂರಾಪ್ ಖರೀದಿಯನ್ನು ಇಲಾಖೆಯ ಎಲ್ಲ ಖರೀದಿಗಳಿಗಿಂತ ಮೇಲಿಟ್ಟರು. ಯುದ್ಧ ಬೇಗ ಮುಗಿಯುತ್ತದೆ, ಇಷ್ಟು ದುಡ್ಡು ಇದಕ್ಕೆ ಸುರಿಯುವುದೇಕೆ ಎಂಬ ಯೋಚನೆ ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್‌ನಲ್ಲಿ ಬೇರೂರಿತ್ತು ಎಂದು ಗೇಟ್ಸ್ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಆ ವರ್ಷ ಮುಗಿಯುವ ಹೊತ್ತಿಗೆ ಸುಮಾರು 1,500 ವಾಹನಗಳು ಇರಾಕ್ ತಲುಪಿದ್ದವು. ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳು ಬೂಷ್ಟು ಹಿಡಿದ ಕೋಣೆಗಳಲ್ಲಿದ್ದಾರೆ ಎಂದು ಹೊರಬಿದ್ದಾಗ ಭೂಸೇನಾ ಕಾರ್ಯದರ್ಶಿ ಫ್ರಾನ್ಸಿಸ್ ಹಾರ್ವೆ ಕೆಲವೇ ದಿನಗಳಲ್ಲಿ ಮನೆಗೆ ಹೋದರು. ಆಗ ಯಾವ ಚುನಾವಣೆಯೂ ಹತ್ತಿರದಲ್ಲಿರಲಿಲ್ಲ. 2008ರಲ್ಲಿ ಗೆದ್ದ ಒಬಾಮಾ ಗೇಟ್ಸ್ ಅವರನ್ನೇ ಉಳಿಸಿಕೊಂಡಾಗ, ಬದಲಾವಣೆಗೆ ಮತ ಹಾಕಿದವರು ಈ ಬಾರಿ ಬದಲಾಯಿಸಲಿಲ್ಲವೇಕೆ ಎಂದು ಕೇಳಿದರು. ಆ ಪ್ರಶ್ನೆಯೂ ನನಗೆ ನ್ಯಾಯವಾಗಿಯೇ ಕಂಡಿತು.

ಸಹೋದ್ಯೋಗಿಯ ಮಗ 2007ರ ಕೊನೆಯಲ್ಲಿ ಮತ್ತೆ ಹೋದ. ಹೊಸ ವಾಹನದ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಚಿತ್ರವನ್ನು ಅಮ್ಮನಿಗೆ ಇ-ಮೇಲ್ ಮಾಡಿದ್ದ. ಅವರು ಅದನ್ನು ಮುದ್ರಿಸಿ ಮೇಜಿಗೆ ಅಂಟಿಸಿಕೊಂಡಿದ್ದರು. ಆ ಚಕ್ರ ಅವನ ಎದೆಮಟ್ಟಕ್ಕಿತ್ತು. ಅವನು ಕ್ಷೇಮವಾಗಿ ಹಿಂತಿರುಗಿದ. ರಾಜೀನಾಮೆ ಪತ್ರದ ತಾರೀಖು ನವೆಂಬರ್ 6 ಎಂಬ ಸುದ್ದಿ ಬಂದಾಗ ನಾನೇ ಅವರಿಗೆ ತೋರಿಸಿದ್ದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಮಗನಿಗೆ ಈ ಗಾಡಿ ಕೊಟ್ಟದ್ದಕ್ಕೆ ಗೇಟ್ಸ್‌ಗೆ ಕೃತಜ್ಞತೆ ಹೇಳುತ್ತೇನೆ, ಹಾಗೆಂದು ಆ ಮಂಗಳವಾರವನ್ನು ಮಾತ್ರ ಮರೆಯುವುದಿಲ್ಲ ಎಂದರು.

2008ರ ಡಿಸೆಂಬರ್‌ನಲ್ಲಿ ಪೆಂಟಗನ್‌ನ ಆಂತರಿಕ ತನಿಖಾಧಿಕಾರಿಯಾದ ಇನ್‌ಸ್ಪೆಕ್ಟರ್ ಜನರಲ್ ಕೊಟ್ಟ ವರದಿಯನ್ನು ನಾನು ಓದಿದ್ದು ಭಾರತಕ್ಕೆ ಮರಳಿದ ಮೇಲೆ. ನೆಲಬಾಂಬಿನ ಅಪಾಯವಿದೆ ಎಂಬುದೂ ಅದನ್ನು ತಡೆಯುವ ವಾಹನಗಳು ಸಿಗುತ್ತವೆ ಎಂಬುದೂ 2003ರ ದಂಡಯಾತ್ರೆಗೆ ಮುಂಚೆಯೇ ಇಲಾಖೆಗೆ ಗೊತ್ತಿತ್ತು, ಆದರೂ ತರಿಸಿಕೊಳ್ಳಲಿಲ್ಲ ಎಂದು ಅದು ಹೇಳಿತು. ದೊಡ್ಡಪ್ಪನಿಗೆ ಅದನ್ನು ಓದಿ ಕನ್ನಡದಲ್ಲಿ ಹೇಳಿದೆ. ಫೆಬ್ರವರಿ 2005ರ ಆ ಬೇಡಿಕೆಗೆ ಸಹಿ ಮಾಡಿದ ಅಧಿಕಾರಿಗೆ ಯಾರಾದರೂ ಉತ್ತರ ಬರೆದರೇ ಎಂದು ಅವರು ಕೇಳಿದರು.